ಆನೆ ಪೈಸೆಯ ಅಸಲು ಗುರುತು

ಟಿಪ್ಪು ಸುಲ್ತಾನ್ ಹುಟ್ಟಿದ ಊರು ದೇವನಹಳ್ಳಿ. ಹಾಗಾಗಿ ಈ ಸೀಮೆಯಲ್ಲಿ ಹಳೆಯ ತಾಮ್ರದ ಬಿಲ್ಲೆ ಯಾರ ಕೈಗೆ ಸಿಕ್ಕರೂ ಮೊದಲು ಬರುವ ಮಾತು ‘ಟಿಪ್ಪು ಕಾಲದ್ದಿರಬೇಕು’ ಎಂದೇ. ಒಂದು ಬದಿಯಲ್ಲಿ ಆನೆ ಇದ್ದರಂತೂ ಮುಗಿಯಿತು. ಆದರೆ ಮೈಸೂರಿನ ತಾಮ್ರದ ಕಾಸುಗಳಲ್ಲಿ ಆನೆ ಟಿಪ್ಪುವಿಗಿಂತ ಮೊದಲೂ ಇತ್ತು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಉಳಿಯಿತು. ಬರೀ ಆನೆ ನೋಡಿ ನಾಣ್ಯದ ಜಾತಕ ಹೇಳಲಾಗದು.

ಅದು ಹೇಗೆ ತಯಾರಾಯಿತು ಎಂದು ತಿಳಿದವರಿಗೆ ಮಾತ್ರ ಅಸಲು-ನಕಲಿಯ ಭೇದ ಕಾಣುತ್ತದೆ. ಟಂಕಸಾಲೆಯಲ್ಲಿ ಎರಡು ಅಚ್ಚುಗಳಿರುತ್ತಿದ್ದವು. ಚಿತ್ರ, ಅಕ್ಷರಗಳನ್ನು ಅವುಗಳಲ್ಲಿ ತಿರುವುಮುರುವಾಗಿ, ತಗ್ಗಾಗಿ ಕೊರೆಯುತ್ತಿದ್ದರು. ಕೆಳಗಿನ ಅಚ್ಚು ಅಡಿಗಲ್ಲಿನಲ್ಲಿ ಭದ್ರ. ಅದರ ಮೇಲೆ ತೂಕಕ್ಕೆ ಸರಿಮಾಡಿದ ಲೋಹದ ಬಿಲ್ಲೆ. ಅದರ ಮೇಲೆ ಕೈಯಲ್ಲಿ ಹಿಡಿದ ಇನ್ನೊಂದು ಅಚ್ಚು. ಸುತ್ತಿಗೆಯ ಪೆಟ್ಟು ಬಿದ್ದರೆ ನಾಣ್ಯ. ಕೈಕೆಲಸವಾದ್ದರಿಂದ ಪೆಟ್ಟು ಓರೆಯಾಗುತ್ತಿತ್ತು, ಅಚ್ಚು ಜರುಗುತ್ತಿತ್ತು, ಅಂಚು ಬಿರಿಯುತ್ತಿತ್ತು. ಆನೆಯ ಬಾಲವೋ ಊರಿನ ಹೆಸರಿನ ಅರ್ಧವೋ ಬಿಲ್ಲೆಯ ಹೊರಗೇ ಉಳಿಯುತ್ತಿತ್ತು. ಕೊಳ್ಳುವವರು ಇವನ್ನು ದೋಷವೆಂದು ಬದಿಗಿಡುತ್ತಾರೆ. ನನಗಾದರೋ ಈ ಸೊಟ್ಟತನದಲ್ಲೇ ಕಮ್ಮಟದವನ ಕೈ ಕಾಣುತ್ತದೆ.

ಸಾಮಾನ್ಯ ನಕಲಿಗಾರ ಪೆಟ್ಟು ಹಾಕುವುದಿಲ್ಲ, ಎರಕ ಹೊಯ್ಯುತ್ತಾನೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಮರದ ಎರಡು ಹೋಳು ಕೂಡುವ ಕಡೆ ಸಣ್ಣ ಗೆರೆ ಏಳುತ್ತದೆ, ಪಾಕದ ಗುಳ್ಳೆ ಒಡೆದಲ್ಲಿ ಕುಳಿ ಬೀಳುತ್ತದೆ. ಎರಕದ ನಾಣ್ಯದ ಅಂಚಿನಲ್ಲೂ ಅಂಥ ಗೆರೆ, ಇಲ್ಲವೇ ಅದನ್ನು ಅಳಿಸಿದ ಅರದ ಗುರುತು ಸಿಗಬಹುದು. ಭೂತಗಾಜಿನಲ್ಲಿ ಮೈಮೇಲೆ ಸೂಜಿಮೊನೆಯಷ್ಟು ಕುಳಿಗಳು ಕಾಣುತ್ತವೆ. ಅಕ್ಷರಗಳ ಏಣು ಸೋಪು ಸವೆದಂತೆ ಮೊಂಡು. ಒಂದೇ ಜಾಗದಲ್ಲಿ ಒಂದೇ ಬಗೆಯ ಬಿರುಕಿರುವ ಎರಡು ‘ಹಳೆಯ’ ಕಾಸು ಸಿಕ್ಕರೆ ಎರಡೂ ಒಂದೇ ಎರಕದಚ್ಚಿನ ಮಕ್ಕಳೆಂದು ಸಂಶಯಪಡಬೇಕು. ತೂಕವೂ ಸಾಕ್ಷಿ: ಟಿಪ್ಪುವಿನ ಒಂದು ಪೈಸೆ ಸುಮಾರು 11 ಗ್ರಾಂ. ಸವೆತಕ್ಕೆ ಒಂದಿಷ್ಟು ಕಳೆಯಬಹುದು, ಮೂರು-ನಾಲ್ಕು ಗ್ರಾಂ ಅಲ್ಲ.

ಟಿಪ್ಪುವಿನ ನಾಣ್ಯಕ್ಕೆ ಇನ್ನೊಂದು ಅಪರೂಪದ ಪರೀಕ್ಷೆಯಿದೆ. 1787ರ ಹೊತ್ತಿಗೆ ಅವನು ಹಿಜರಿ ಬಿಟ್ಟು ಮೌಲೂದಿ ಎಂಬ ತನ್ನದೇ ವರ್ಷಗಣನೆ ತಂದ. ನಾಣ್ಯದ ಮೇಲೆ ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಎಂಬುದು ನಮ್ಮ ಕಣ್ಣಿಗೆ 5121. (1221 ಮಾತ್ರ ಹೇಗೆ ಓದಿದರೂ ಅದೇ!) 1224ರಿಂದ ಆನೆಯ ಮೇಲೆ ವರ್ಷಕ್ಕೊಂದರಂತೆ ಪಾರಸಿ ಅಕ್ಷರ ಬಂತು: ಅಲಿಫ್, ಮರುವರ್ಷ ಬೇ, ಆಮೇಲೆ ತೇ. ಅಕ್ಷರ ಒಂದು ವರ್ಷದ್ದು, ಅಂಕಿ ಇನ್ನೊಂದರದ್ದಾದರೆ ಎಚ್ಚರವಾಗಬೇಕು. ಮದ್ರಾಸ್ ಮ್ಯೂಸಿಯಂನಲ್ಲಿದ್ದ ಜೆ.ಆರ್. ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಹೈದರ್-ಟಿಪ್ಪು ನಾಣ್ಯಗಳ ಸೂಚಿ ಈಗಲೂ ಸಂಗ್ರಾಹಕರ ಕೈಪಿಡಿ. ಕರ್ನಾಟಕದ ನಾಣ್ಯಗಳನ್ನೆಲ್ಲ ಒಟ್ಟಿಗೆ ನೋಡಬೇಕೆನ್ನುವವರಿಗೆ ಎ.ವಿ. ನರಸಿಂಹಮೂರ್ತಿಯವರ 1975ರ ಪುಸ್ತಕವಿದೆ.

ಚಿನ್ನದ ವರಹ, ಹಣಗಳಿಗೆ ಚಿನಿವಾರರ ಒರೆಗಲ್ಲು ಹಿಂದಿನಿಂದಲೂ ಇದೆ. ಆದರೆ ಒರೆ ಹೇಳುವುದು ಚಿನ್ನದ ಬಣ್ಣವನ್ನು, ವಯಸ್ಸನ್ನಲ್ಲ. ಅಸಲಿ ಚಿನ್ನದಲ್ಲೇ ಹೊಸ ವರಹ ಮಾಡುವುದು ಕಷ್ಟವೇನಲ್ಲ.

ನಾಣ್ಯಕ್ಕೆ ನಕಲಿಗಾರನಷ್ಟೇ ಕೇಡು ಮಾಡುವುದು ನಮ್ಮ ಮನೆಯ ಹುಣಸೆಹುಳಿ. ಹೊಲದಲ್ಲಿ ಕಾಸು ಸಿಕ್ಕ ತಕ್ಷಣ ತಿಕ್ಕಿ ಬೆಳಗಿಸುತ್ತೇವೆ. ಇನ್ನೂರು ವರ್ಷ ಮಣ್ಣಲ್ಲಿ ಕೂತು ಕಟ್ಟಿದ ಗಟ್ಟಿ ಹಸಿರು ಪದರ ಆ ತಿಕ್ಕಾಟಕ್ಕೆ ಹೋಗುತ್ತದೆ. ಹಚ್ಚಿದ ಹುಸಿ ಹಸಿರನ್ನು ಗುರುತಿಸಲು ಹೋಲಿಕೆಗಿದ್ದ ಆಧಾರವೂ ಅದರೊಡನೆ ಅಳಿಯುತ್ತದೆ. ಸಿಕ್ಕ ಜಾಗ, ಆಳ, ಜೊತೆಗಿದ್ದ ಮಡಕೆ ಚೂರು ಎಲ್ಲವನ್ನೂ ಬರೆದಿಟ್ಟು, ಮಣ್ಣಿನ ಸಮೇತ ಕಾಗದದಲ್ಲಿ ಸುತ್ತಿಡಿ. ನಿಧಿಯಾಗಿ ಸಿಕ್ಕಿದ್ದಾದರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, ಕಾನೂನು ಹೇಳುವುದೂ ಅದನ್ನೇ.