ಕತ್ತಾಳೆಯ ನಾಟಿಯೂ ಪಾಲನೆಯೂ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಒಣಭೂಮಿಯಲ್ಲಿ ಕತ್ತಾಳೆಯನ್ನು ಅರಿಯದ ರೈತನಿಲ್ಲ. ಹೊಲದ ಬದುವಿಗೆ ಬೇಲಿಯಾಗಿಯೂ, ನಾರಿಗೆ ಮೂಲವಾಗಿಯೂ ಬಂದಿರುವ ಈ ಗಿಡವು ಬಳ್ಳಾರಿ ನಗರದ ಗಾಂಧಿನಗರದಂತಹ ಬಡಾವಣೆಗಳಲ್ಲಿ ಮನೆಯಂಗಳದ ಶೋಭೆಗೂ ತಕ್ಕದ್ದು. ತಾನಾಗಿಯೇ ಬೆಳೆಯುವುದೆಂದು ಇದನ್ನು ಅಲಕ್ಷ್ಯ ಮಾಡುವುದು ವಾಡಿಕೆ. ಆದರೆ ಕತ್ತಾಳೆಯು ಬೇಡುವುದು ನೀರನ್ನಲ್ಲ, ಮುಂದಾಲೋಚನೆಯನ್ನು.

ಗಿಡದ ಸ್ವಭಾವ

ಕತ್ತಾಳೆಯ ತೌರು ಮೆಕ್ಸಿಕೋ ದೇಶ. ಲಿನ್ನೇಯಸ್ ಪಂಡಿತನು 1753ರಲ್ಲಿ ಇದಕ್ಕೆ ಅಗೇವ್ ಅಮೆರಿಕಾನ ಎಂಬ ಶಾಸ್ತ್ರೀಯ ನಾಮವನ್ನಿತ್ತನು. ಬುಡದಿಂದಲೇ ಸುತ್ತಲೂ ತಾವರೆಯ ದಳಗಳಂತೆ ಹರಡುವ ಬೂದು ಬಣ್ಣದ ದಪ್ಪ ಎಲೆಗಳು 4ರಿಂದ 6 ಅಡಿ ಉದ್ದ ಬೆಳೆಯುವುವು. ಅಂಚಿನಲ್ಲಿ ಹಳದಿ ಪಟ್ಟೆಯುಳ್ಳ ಜಾತಿಯೂ ಉಂಟು. ಅದು ಅಲಂಕಾರಕ್ಕೆ ವಿಶೇಷವಾಗಿ ಒಪ್ಪುವುದು. ಇತರ ಸಸ್ಯಗಳು ಹಗಲಿನಲ್ಲಿ ತೆರೆಯುವ ಎಲೆಯ ಸೂಕ್ಷ್ಮರಂಧ್ರಗಳನ್ನು ಕತ್ತಾಳೆಯು ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಆದುದರಿಂದಲೇ ವರ್ಷಕ್ಕೆ ಸುಮಾರು 20 ಅಂಗುಲ ಮಳೆಯ ಈ ನಾಡಿನಲ್ಲಿ ಬೇಸಿಗೆಯನ್ನು ಸಹಿಸಿ ನಿಲ್ಲಬಲ್ಲುದು.

ಲೋಳೆಸರವನ್ನೂ ಕೆಲವೆಡೆ ಕತ್ತಾಳೆಯೆಂದೇ ಕರೆಯುವರು. ಎರಡೂ ಬೇರೆ ಬೇರೆ. ಲೋಳೆಸರದಂತೆ ಕತ್ತಾಳೆಯ ರಸವನ್ನು ಮೈಗೆ ಹಚ್ಚಕೂಡದು. ಅದರಲ್ಲಿರುವ ಸೂಜಿಯಂತಹ ಹರಳುಗಳಿಂದ ಚರ್ಮಕ್ಕೆ ತುರಿಯೂ ಉರಿಯೂ ಉಂಟಾಗುವುವು.

ನೆಲ ಮತ್ತು ನಾಟಿ

ಕೆಂಪು ಗರಸು ಭೂಮಿಯೂ, ಗುಡ್ಡದ ತಪ್ಪಲೂ ಕತ್ತಾಳೆಗೆ ಉತ್ತಮ. ಎರೆಭೂಮಿಯು ಮಳೆಯಲ್ಲಿ ನೀರನ್ನು ಹಿಡಿದು ನಿಲ್ಲಿಸುವುದರಿಂದ ಬೇರು ಕೊಳೆಯುವುದು. ಸಿರುಗುಪ್ಪ, ಕುರುಗೋಡು ಕಡೆಯ ಎರೆಯಲ್ಲಿ ನೆಡಬೇಕಾದರೆ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ, ಗರಸು ಮತ್ತು ಮರಳನ್ನು ಬೆರೆಸಿ ನೆಡತಕ್ಕದ್ದು. ಕಾಲುವೆಯ ನೀರು ಹಾಯುವ ಗದ್ದೆಯ ಬದುವು ಇದಕ್ಕೆ ಯೋಗ್ಯವಲ್ಲ.

ತಾಯಿಗಿಡದ ಸುತ್ತ ಏಳುವ ಒಂದು ಅಡಿ ಎತ್ತರದ ಮರಿಗಳನ್ನು ಬೇರುಸಹಿತ ಬಿಡಿಸಿ, ಗಾಯ ಆರುವವರೆಗೆ ಐದಾರು ದಿವಸ ನೆರಳಿನಲ್ಲಿಡಬೇಕು. ಮುಂಗಾರಿನ ಆರಂಭದಲ್ಲಿ, ಸುಳಿಯು ಮಣ್ಣಿನಲ್ಲಿ ಹೂತುಹೋಗದಂತೆ ನೆಡಬೇಕು. ಬೇಲಿಗೆ 4 ಅಡಿ, ಅಲಂಕಾರಕ್ಕೆ 8 ಅಡಿ ಅಂತರವಿರಲಿ. ಎಲೆಯ ತುದಿಯ ಮುಳ್ಳು ಕಣ್ಣಿಗೆ ಅಪಾಯಕರ. ಕಾಲುದಾರಿ, ಶಾಲೆಯ ಅಂಗಳ, ದನ ಕಟ್ಟುವ ಸ್ಥಳಗಳ ಸಮೀಪದಲ್ಲಿ ನೆಡಕೂಡದು.

ಪಾಲನೆ

ಬೇರೂರಿದ ಮೇಲೆ ಹೊಲದ ಗಿಡಕ್ಕೆ ನೀರು ಬೇಕಿಲ್ಲ. ಕುಂಡದ ಗಿಡಕ್ಕೆ ಬೇಸಿಗೆಯಲ್ಲಿ ಮಣ್ಣು ಪೂರ್ಣ ಒಣಗಿದ ಮೇಲೆ ಮಾತ್ರ ನೀರುಣಿಸಬೇಕು, ಮಳೆಗಾಲದಲ್ಲಿ ನಿಲ್ಲಿಸಬೇಕು. ಹೆಚ್ಚು ಗೊಬ್ಬರದಿಂದ ಎಲೆ ಮೆದುವಾಗಿ ರೋಗಕ್ಕೆ ಈಡಾಗುವುದು. ಬುಡ ಮೆತ್ತಗಾಗಿ ದುರ್ವಾಸನೆ ಬಂದರೆ ಗಿಡವನ್ನು ಕಿತ್ತು ಸುಡಬೇಕು. ಅದೇ ಗುಂಡಿಯಲ್ಲಿ ಇನ್ನೊಂದನ್ನು ಇಡಬಾರದು.

ಒಮ್ಮೆಯೇ ಹೂ, ಅನಂತರ ಮರಣ

ಕತ್ತಾಳೆಯು ಆಯುಷ್ಯದಲ್ಲಿ ಒಮ್ಮೆ ಮಾತ್ರ ಹೂಬಿಡುವುದು. ಸುಮಾರು 10ರಿಂದ 30 ವರ್ಷಗಳೊಳಗೆ 20 ಅಡಿಗೂ ಮೀರಿದ ದಂಡು ಎದ್ದು, ಹೂ ಮುಗಿದೊಡನೆ ತಾಯಿಗಿಡವು ಒಣಗುವುದು. ನೀರು ಗೊಬ್ಬರಗಳಿಂದ ಅದನ್ನು ಉಳಿಸಲಾಗದು. ಒಣಗಿದ ದಂಡು ಗಾಳಿಗೆ ಉರುಳುವುದರಿಂದ ವಿದ್ಯುತ್ ತಂತಿಯ ಕೆಳಗೆ ನೆಡಕೂಡದು. ಇಡೀ ಬೇಲಿಯನ್ನು ಒಂದೇ ವರ್ಷ ನೆಟ್ಟವರಿಗೆ ಅನೇಕ ಗಿಡಗಳು ಹೆಚ್ಚು ಕಡಮೆ ಒಂದೇ ಕಾಲಕ್ಕೆ ಸತ್ತು, ಪೈರು ನಿಂತ ಹೊಲಕ್ಕೆ ದನ ನುಗ್ಗುವ ಭಯವುಂಟು. ಐದು ವರ್ಷಗಳ ತರುವಾಯ ಒಳಮಗ್ಗುಲಲ್ಲಿ ಎರಡನೆಯ ಸಾಲನ್ನು ನೆಟ್ಟರೆ ಈ ಕಷ್ಟವಿರದು.

ಹರಡದಂತೆ ಕಾವಲು

ಬೇಲಿಗೆಂದು ಹೊರಗಿನಿಂದ ತಂದ ಗಿಡ ಹೊಲವನ್ನೇ ನುಂಗಿದ ಉದಾಹರಣೆಗೆ ಪಾಪಾಸುಕಳ್ಳಿ ಸಾಕು. ಆಗಿನ ಮದರಾಸು ಪ್ರಾಂತದಲ್ಲಿ ಅದು ಅಪಾರ ಭೂಮಿಯನ್ನು ಆಕ್ರಮಿಸಿತ್ತು. 1926ರಲ್ಲಿ ಸಿಂಹಳದಿಂದ ತಂದ ಕೊಚಿನೀಲ್ ಕೀಟವೇ ಅದನ್ನು ಅಡಗಿಸಿತು. ಕತ್ತಾಳೆಯು ಅಷ್ಟು ವೇಗವಾಗಿ ಹರಡದಿದ್ದರೂ ಮರಿಗಳನ್ನು ಬಿಟ್ಟರೆ ಬದುವನ್ನು ದಾಟಿ ನೆರೆಯವನ ಹೊಲಕ್ಕೆ ಕಾಲಿಡುವುದು. ಗಡಿಯ ವ್ಯಾಜ್ಯಕ್ಕೂ ಕಾರಣವಾಗುವುದು. ಆದುದರಿಂದ ಗಡಿಯಿಂದ 3 ಅಡಿ ಒಳಗೆ ನೆಟ್ಟು, ಪ್ರತಿ ವರ್ಷ ಮುಂಗಾರಿಗೆ ಮೊದಲು ಹೆಚ್ಚಿನ ಮರಿಗಳನ್ನು ಅಗೆದು ತೆಗೆಯತಕ್ಕದ್ದು. ಗ್ರಾಮದ ಮುಖಂಡರು ಈ ಪದ್ಧತಿಯನ್ನು ಮೊದಲು ತಮ್ಮ ಹೊಲಗಳಲ್ಲಿ ನಡೆಸಿ ತೋರಿಸಿದರೆ ಉಳಿದವರೂ ಅನುಸರಿಸುವರು. ನೆರೆಹೊರೆಯ ಸ್ನೇಹವೂ ಬೇಲಿಯೊಡನೆ ಉಳಿಯುವುದು.