ಬಂದೂಕಿನ ಮರಕ್ಕೆ ಅಗಸಿ ಎಣ್ಣೆ

ಗೋವಿನಜೋಳ ತೆನೆಗಟ್ಟಿತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ರೈತರಿಗೆ ನಿದ್ದೆ ಕಡಿಮೆ. ರಾತ್ರಿ ಹಂದಿ ನುಗ್ಗುತ್ತವೆ, ಬೆಳಕು ಹರಿಯುವ ಹೊತ್ತಿಗೆ ಚಿಗರಿ ಹಿಂಡು ಇಳಿಯುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು. ವಿಸ್ತಾರ 119 ಚದರ ಕಿಲೋಮೀಟರ್. ಅಲ್ಲಿನ ನೀಲಗಿರಿ ತೋಪು ಎಲ್ಲಿ ಮುಗಿಯಿತು, ರೈತನ ಹೊಲ ಎಲ್ಲಿ ಶುರುವಾಯಿತು ಎಂಬ ಲೆಕ್ಕ ಚಿಗರಿಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ ಅದು. ಅದರ ಕಡೆ ಬಂದೂಕಿನ ಬಾಯಿ ತಿರುಗಿಸುವ ಹಾಗಿಲ್ಲ, ತಿರುಗಿಸಲೂಬಾರದು. ಹೊಲ ಕಾಯಲು ಬೇಕಾದದ್ದು ಸದ್ದು. ಗುಂಡಿಲ್ಲದೆ ಬರೀ ಮದ್ದು ತುಂಬಿ ಆಕಾಶಕ್ಕೆ ಹಾರಿಸಿದರೆ ಸದ್ದಿಗೇನೂ ಕೊರತೆಯಿಲ್ಲ.

ಬಾಯಿಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಕೇಪು ಇಟ್ಟು ಹಾರಿಸುವ ಒಂಟಿ ನಳಿಗೆಯ ಈ ಬಂದೂಕನ್ನು ನಮ್ಮ ಕಾನೂನು ಮರೆತಿಲ್ಲ. 1959ರ ಆಯುಧ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಯ ಪರವಾನಗಿಗೆ ಇದನ್ನೇ ಹೆಸರಿಸಿ ಹೇಳುತ್ತದೆ. ಇದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನಮೂನೆಯ ಬಂದೂಕು. ಹೀಗಾಗಿ ಅಜ್ಜನ ಕಾಲದ ಮದ್ದಿನ ಬಂದೂಕು ಮೊಮ್ಮಗನ ಹೆಸರಿಗೆ ಪರವಾನಗಿ ಬದಲಾಗಿ ಮನೆಯಲ್ಲೇ ಉಳಿಯುತ್ತದೆ. ನಳಿಗೆಯ ಕಬ್ಬಿಣವನ್ನು ಎಲ್ಲರೂ ಒರೆಸುತ್ತಾರೆ. ಭುಜಕ್ಕೆ ಒರಗುವ, ಕೆನ್ನೆಗೆ ತಾಗುವ ಮರವನ್ನು ಕೇಳುವವರು ಕಡಿಮೆ.

ಆ ಮರದಲ್ಲಿ ಒಂದು ಮನೆತನದ ಕೈಗಳೆಲ್ಲ ಇರುತ್ತವೆ. ಹಿಡಿಯುವ ಜಾಗ ಬೆವರಿಗೆ ಕಪ್ಪಾಗಿರುತ್ತದೆ, ಕೆನ್ನೆ ತಾಗುವಲ್ಲಿ ತಲೆಗೆ ಹಚ್ಚಿದ ಎಣ್ಣೆಯ ನುಣುಪು. ಮಹಾನವಮಿಯ ಖಂಡೇ ಪೂಜೆಯಲ್ಲಿ ವರ್ಷವರ್ಷವೂ ಹಚ್ಚಿದ ವಿಭೂತಿ, ಕುಂಕುಮ ಎಳೆಯ ಸಂದಿಗಳಲ್ಲಿ ಕೂತಿರುತ್ತದೆ. ಆಯುಧ ಈ ಭಾಗದಲ್ಲಿ ಮನೆಯ ಮರ್ಯಾದೆಗೆ ಸೇರಿದ್ದು. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ತಂದು ಒಪ್ಪಿಸಿ ಎಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು. ಆ ದಂಗೆಯ ಲಾವಣಿಯನ್ನು ಇಂದಿಗೂ ಹಾಡುತ್ತಾರೆ.

ಇಂಥ ಮರವನ್ನು ಹಸನು ಮಾಡಲು ಹೊರಟವರು ಮೊದಲು ನೋಡಬೇಕಾದದ್ದು ನಳಿಗೆಯೊಳಗೆ. ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಬಂದೂಕಿನಲ್ಲಿ ಯಾರೋ ತುಂಬಿಟ್ಟ ಮದ್ದು ಹಾಗೇ ಇರಬಹುದು. ಗಜವನ್ನು ನಳಿಗೆಯಲ್ಲಿ ತಳದವರೆಗೆ ಇಳಿಬಿಟ್ಟು ಬಾಯಿಯ ಅಂಚಿಗೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದು ನೋಡಬೇಕು. ಕೇಪು ಕೂರುವ ಜಾಗದವರೆಗೆ ಗಜ ಮುಟ್ಟದೆ ನಾಲ್ಕು ಬೆರಳು ಹಿಂದೆಯೇ ನಿಂತರೆ ಒಳಗೆ ಏನೋ ಇದೆ ಎಂದರ್ಥ. ಆಗ ಕೆಲಸ ಅಲ್ಲಿಗೇ ಬಿಟ್ಟು ಪರವಾನಗಿ ಇರುವ ಬಂದೂಕು ರಿಪೇರಿಯವರ ಹತ್ತಿರ ಹೋಗಬೇಕು. ಮರ ಸೀಳಿದ್ದರೂ ಅವರೇ ಗತಿ. ರಿಪೇರಿಯನ್ನು ಕಸುಬಾಗಿ ಮಾಡಲು ಪರವಾನಗಿ ಬೇಕೆಂದು ಅದೇ ಕಾಯ್ದೆಯ 5ನೇ ಕಲಂ ಹೇಳುತ್ತದೆ. ನಳಿಗೆಯ ಮೇಲಿನ ನಂಬರು, ಮುದ್ರೆಗಳನ್ನು ಯಾರೂ ಮುಟ್ಟಬಾರದು. ಮಾಲೀಕ ಮನೆಯಲ್ಲಿ ಕೂತು ಮಾಡಿಕೊಳ್ಳಬಹುದಾದದ್ದು ಮರದ ಮೇಲ್ಮೈಯ ಆರೈಕೆ ಮಾತ್ರ. ಅದೇನೂ ಸಣ್ಣ ಕೆಲಸವಲ್ಲ.

ನಳಿಗೆ, ಕುದುರೆ, ಹಿತ್ತಾಳೆ ಪಟ್ಟಿ ಬಿಚ್ಚಿಟ್ಟರೆ ಮರದ ನಿಜವಾದ ಸ್ಥಿತಿ ಕಾಣುತ್ತದೆ. ಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ. ಅದಕ್ಕೇ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಕೇಪಿನ ಪಕ್ಕದ ಮರ ಕರ್ರಗಾಗಿ ಮೆತ್ತಗಾಗುತ್ತದೆ. ಕಬ್ಬಿಣಕ್ಕೆ ಬಿಟ್ಟ ಎಣ್ಣೆಯೂ ವರ್ಷಾನುಗಟ್ಟಲೆ ಇಳಿದು ಅಲ್ಲೇ ನಿಂತಿರುತ್ತದೆ. ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ಆ ಜಾಗಕ್ಕೆ ಮೆತ್ತಿ ಬಿಟ್ಟರೆ, ಒಣಗುತ್ತ ಒಣಗುತ್ತ ಪುಡಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಬಿಳಿ ಲೇಪ ಹಳದಿಯಾಗಿ, ಕಂದಾಗಿ ಉದುರುತ್ತದೆ. ಲೇಪ ಬೆಳ್ಳಗೇ ಉಳಿಯುವ ತನಕ ಮತ್ತೆ ಮತ್ತೆ ಮೆತ್ತಬೇಕು.

ಪೆಟ್ಟು ಬಿದ್ದು ತಗ್ಗಾದ ಕಡೆ ಮರ ಹೋಗಿರುವುದಿಲ್ಲ, ಅದುಮಿಕೊಂಡಿರುತ್ತದೆ, ಅಷ್ಟೆ. ಒದ್ದೆ ಬಟ್ಟೆ ಇಟ್ಟು ಮೇಲೆ ಕಾದ ಇಸ್ತ್ರಿಪೆಟ್ಟಿಗೆಯ ತುದಿ ಮುಟ್ಟಿಸಿದರೆ ಹಬೆಗೆ ಎಳೆಗಳು ಉಬ್ಬಿ ತಗ್ಗು ತುಂಬಿಕೊಳ್ಳುತ್ತದೆ. ಹಳೆಯ ಮೆರುಗನ್ನು ಕೆರೆಯಲು ನಮ್ಮ ಬಡಿಗೇರರು ಬಳಸುವ ಒಡೆದ ಗಾಜಿನ ಚೂರಿಗಿಂತ ಒಳ್ಳೆಯ ಹತಾರ ಇಲ್ಲ. ಸ್ಯಾಂಡ್‌ಪೇಪರ್ ತಿನ್ನುವಷ್ಟು ಮರವನ್ನು ಅದು ತಿನ್ನುವುದಿಲ್ಲ. ಕಬ್ಬಿಣ ಕೂರುವ ಅಂಚುಗಳನ್ನಂತೂ ಉಜ್ಜಲೇಬಾರದು. ಅಲ್ಲಿ ಕೂದಲೆಳೆಯಷ್ಟು ಮರ ಹೋದರೂ ಪಟ್ಟಿ ಎದ್ದು ನಿಂತು, ಸಂದಿಯಲ್ಲಿ ನೀರು ಸೇರುತ್ತದೆ. ಆಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಲು ಬಿಟ್ಟರೆ ಸಣ್ಣ ಎಳೆಗಳು ಮುಳ್ಳಿನಂತೆ ನಿಲ್ಲುತ್ತವೆ. ಅವನ್ನು ನಯವಾದ ಕಾಗದದಿಂದ ಹಗುರಾಗಿ ತೆಗೆಯಬೇಕು.

ಇಷ್ಟಾದ ಮೇಲೆ ಎಣ್ಣೆ. ಊರ ಅಂಗಡಿಯಲ್ಲಿ ಸಿಗುವ ಮಿಂಚುವ ವಾರ್ನಿಶ್ ಅಲ್ಲ, ಅಗಸಿ ಎಣ್ಣೆ. ನಾವು ರೊಟ್ಟಿಯ ಜೊತೆ ಚಟ್ನಿಪುಡಿಯಾಗಿ ತಿನ್ನುವ ಅದೇ ಅಗಸಿ, ಹಿಂಗಾರಿಯಲ್ಲಿ ಕಪ್ಪು ನೆಲದ ಹೊಲಗಳಲ್ಲಿ ನೀಲಿ ಹೂ ಬಿಡುವ ಅದೇ ಅಗಸಿ. ಇಂಗ್ಲೆಂಡಿನ ಬಂದೂಕು ಕುಶಲಿಗಳು ಅಕ್ರೋಟು ಮರಕ್ಕೆ ಉಣಿಸಿದ್ದೂ ಇದನ್ನೇ. ಕ್ರಿಕೆಟ್ ಬ್ಯಾಟಿಗೆ ಹುಡುಗರು ಹಚ್ಚುವುದೂ ಇದನ್ನೇ. ಶೇಂಗಾ ಎಣ್ಣೆ ಎಷ್ಟು ದಿನ ಬಿಟ್ಟರೂ ಜಿಡ್ಡಾಗಿಯೇ ಇರುತ್ತದೆ. ಅಗಸಿ ಎಣ್ಣೆ ಗಾಳಿಯ ಆಮ್ಲಜನಕವನ್ನು ಹಿಡಿದು ಗಟ್ಟಿಯಾಗುತ್ತದೆ, ಮರದೊಳಗೇ ಪದರವಾಗುತ್ತದೆ. ಹಸಿ ಎಣ್ಣೆ ಒಣಗಲು ಹಲವು ದಿನ ಬೇಕು. ಬಣ್ಣದಂಗಡಿಯ ‘ಬಾಯಿಲ್ಡ್’ ಎಣ್ಣೆ ಸುಮಾರು ಒಂದು ದಿನದಲ್ಲಿ ಒಣಗುತ್ತದೆ.

ಎಣ್ಣೆ ಬಳಿಯಬಾರದು, ಕುಡಿಸಬೇಕು. ನಾಲ್ಕು ಹನಿ ಅಂಗೈಗೆ ಹಾಕಿಕೊಂಡು, ಅಂಗೈ ಬಿಸಿಯಾಗುವ ತನಕ ತಿಕ್ಕಬೇಕು. ಹೀರದೆ ಉಳಿದದ್ದನ್ನು ಕಾಲು ಗಂಟೆಯಲ್ಲಿ ಒರೆಸಿಬಿಡಬೇಕು, ಇಲ್ಲದಿದ್ದರೆ ಅಂಟಂಟಾಗಿ ಧೂಳು ಕೂರುತ್ತದೆ. ಬೀಟೆ ಮರವಾದರೆ ಮೊದಲ ಕೈಗೇ ಬ್ಯಾಡಗಿಯ ಡಬ್ಬಿ ಮೆಣಸಿನಕಾಯಿಯ ಕಡುಗೆಂಪು ಏಳುತ್ತದೆ. ಪೂರ್ತಿ ಒಣಗಿದ ಮೇಲೆ ಎರಡನೆಯ ಕೈ, ಮತ್ತೆ ಮೂರನೆಯದು. ಮಳೆಗಾಲದಲ್ಲಿ ಈ ಕೆಲಸ ಕುಂಟುತ್ತದೆ. ನಮ್ಮ ಬೇಸಿಗೆಯ ಒಣ ಗಾಳಿಯೇ ಇದಕ್ಕೆ ಸರಿ.

ಅಂಗಡಿಯ ಪಾಲಿಶ್ ಹೊಡೆಸಿ ಹೊಸದರಂತೆ ಮಾಡಿಸಿದ ಹಳೆಯ ಬಂದೂಕು ಕಂಡರೆ ನನಗೆ ಸಂಕಟವಾಗುತ್ತದೆ. ಹಿಡಿಯ ಕಪ್ಪು, ಕೆನ್ನೆಯ ನುಣುಪು, ಯಾರೋ ಚಾಕುವಿನಿಂದ ಕೆತ್ತಿದ ಓರೆಕೋರೆ ಅಕ್ಷರ, ಎಲ್ಲ ಉಜ್ಜಿ ತೆಗೆದರೆ ಉಳಿಯುವುದು ಬರೀ ಕಟ್ಟಿಗೆ. ಕೊಳೆಯನ್ನು ತೆಗೆದು ಕಲೆಯನ್ನು ಉಳಿಸುವುದೇ ಈ ಕೆಲಸದ ಜಾಣ್ಮೆ. ವಾರ್ನಿಶ್ ಒಮ್ಮೆ ಸಿಪ್ಪೆ ಎದ್ದರೆ ಪೂರ್ತಿ ಕೆರೆಯಬೇಕು. ಎಣ್ಣೆಯ ಮರಕ್ಕೆ ಎಲ್ಲಿ ಗೀರು ಬಿತ್ತೋ ಅಲ್ಲಿಗೆ ಎರಡು ಹನಿ ಸಾಕು.

ಚುನಾವಣೆ ಬಂದಾಗ ಬಂದೂಕು ಠಾಣೆಯಲ್ಲಿ ಠೇವಣಿಯಾಗಬಹುದು. ಒಪ್ಪಿಸುವ ಹಿಂದಿನ ವಾರ ಒಂದು ಕೈ ಎಣ್ಣೆ ಕುಡಿಸಿ ಒಣಗಿಸಿದರೆ ಮರ ತೇವಕ್ಕೆ ತಡೆಯುತ್ತದೆ. ಇನ್ನು ಎಣ್ಣೆ ಒರೆಸಿದ ಬಟ್ಟೆ. ಅಗಸಿ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದ ಬಟ್ಟೆ ತಾನಾಗಿಯೇ ಹೊತ್ತಿಕೊಂಡೀತು, ಅದೂ ಮೇವು, ಹತ್ತಿ ಕೂಡಿಟ್ಟ ಮನೆಗಳಲ್ಲಿ. ಅದನ್ನು ಹೊರಗೆ ಕಲ್ಲಿನ ಮೇಲೆ ಬಿಡಿಸಿ ಹರವಬೇಕು, ಇಲ್ಲವೇ ನೀರಿನ ಡಬ್ಬಿಯಲ್ಲಿ ಅದ್ದಿಡಬೇಕು.