ಆಟದ ಮರುದಿನದ ಮೈನೋವು: ಗರಡಿಯವರಿಗೆ ಗೊತ್ತಿರುವುದು ನಮ್ಮ ಹುಡುಗರಿಗೂ ಗೊತ್ತಿರಲಿ

ರವಿವಾರ ರಾತ್ರಿ ಫ್ಲಡ್‌ಲೈಟ್ ಪಂದ್ಯ ಆಡಿದ ಹುಡುಗ ಸೋಮವಾರ ಹೇಗೋ ಎದ್ದು ಕೆಲಸಕ್ಕೆ ಹೋಗುತ್ತಾನೆ. ಮಂಗಳವಾರ ಮೆಟ್ಟಿಲು ಇಳಿಯಲಿಕ್ಕೇ ಆಗುವುದಿಲ್ಲ. ಉಮ್ಮ ಎಣ್ಣೆ ಬಿಸಿ ಮಾಡುತ್ತಾರೆ. ಮಗ ಮೆಡಿಕಲ್‌ನಿಂದ ಮಾತ್ರೆ ತಂದು ನುಂಗಿ ಬುಧವಾರ ಮತ್ತೆ ಮೈದಾನಕ್ಕೆ ಇಳಿಯುತ್ತಾನೆ. ನಾವು ಇವತ್ತು ಹೇಳಬೇಕೆಂದಿರುವುದು ಆ ಮಾತ್ರೆಯ ಬಗ್ಗೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹೋದರೆ ಈ ನೋವಿಗೆ ಹೆಸರೇ ಇದೆ: ‘ಮೈ ಹಿಡಕೊಂಡೈತಿ’ ಅನ್ನುತ್ತಾರೆ. ಅದು ಕುಸ್ತಿಯ ಸೀಮೆ. ಗರಡಿಗೆ ಹೊಸದಾಗಿ ಸೇರಿದವನ ಮೈ ಮೊದಲ ವಾರ ಕಲ್ಲಾಗುತ್ತದೆ. ಕಬ್ಬು ಕಡಿಯುವವರಿಗೂ ಹಂಗಾಮಿನ ಮೊದಲ ದಿನಗಳಲ್ಲಿ ಇದೇ ಪಾಡು. ಗರಡಿಯ ಹಿರಿಯರು ಆ ಹುಡುಗನನ್ನು ಪೂರ್ತಿ ಮಲಗಿಸುವುದೂ ಇಲ್ಲ, ಜೋರಿನ ಪಟ್ಟಿಗೆ ಬಿಡುವುದೂ ಇಲ್ಲ. ಹಗುರ ದಂಡ-ಬೈಠಕ್, ಎಣ್ಣೆಯ ಮಾಲೀಶು, ಹಾಲು, ಹೊಟ್ಟೆ ತುಂಬ ಊಟ, ನಿದ್ದೆ. ಇಂದಿನ ಫುಟ್ಬಾಲ್ ತಂಡಗಳ ಫಿಸಿಯೋಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಮೈಯಲ್ಲಿ ಆಮ್ಲ ಕಟ್ಟಿಕೊಂಡು ನೋವು ಬರುತ್ತದೆ ಎಂಬ ಮಾತು ಸರಿಯಲ್ಲ. ಓಡುವಾಗ ಸೇರುವ ಲ್ಯಾಕ್ಟೇಟ್ ಗಂಟೆಯೊಂದರಲ್ಲಿ ಇಳಿದುಹೋಗುತ್ತದೆ. ಜೋರಾಗಿ ಓಡಿ ತಟ್ಟನೆ ನಿಲ್ಲುವಾಗ, ಹಾರಿ ಇಳಿಯುವಾಗ, ಗಕ್ಕನೆ ತಿರುಗುವಾಗ ಸ್ನಾಯುವಿನ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ. ದೇಹ ಅದನ್ನು ದುರಸ್ತಿ ಮಾಡುವಾಗ ಬಾವು, ಬಿಗಿತ, ನೋವು. 24ರಿಂದ 72 ಗಂಟೆಗಳ ನಡುವೆ ಇದು ಅತಿ ಹೆಚ್ಚು.

ವೃತ್ತಿಪರ ಆಟಗಾರ ಒಂದು ಪಂದ್ಯದಲ್ಲಿ ಸುಮಾರು 10ರಿಂದ 12 ಕಿ.ಮೀ. ಓಡುತ್ತಾನೆ. ಸ್ನಾಯುವಿನಲ್ಲಿ ಖಾಲಿಯಾದ ಶಕ್ತಿ ಮತ್ತೆ ತುಂಬಲು ಎರಡು-ಮೂರು ದಿನ ಬೇಕು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಬೆಂಗಳೂರು ಎಫ್‌ಸಿ ತಂಡ ಎಫ್‌ಸಿ ಗೋವಾವನ್ನು 1-0ರಿಂದ ಸೋಲಿಸಿ ಐಎಸ್‌ಎಲ್ ಗೆದ್ದಾಗ ರಾಹುಲ್ ಭೇಕೆಯ ಗೋಲು ಬಂದದ್ದು ಹೆಚ್ಚುವರಿ ಅವಧಿಯ ಕೊನೆಯಲ್ಲಿ. ಅಷ್ಟು ಹೊತ್ತು ಕಾಲು ನಿಲ್ಲಬೇಕಾದರೆ ಹಿಂದಿನ ವಾರಗಳ ವಿಶ್ರಾಂತಿ ಬೇಕು. ಅದೇ ತಂಡದ ಸುನಿಲ್ ಛೇಟ್ರಿ 40ರ ವಯಸ್ಸಿನಲ್ಲಿ, 2024-25ರ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದರು. ಊಟ, ನಿದ್ದೆಯ ಶಿಸ್ತಿಗೆ ಅವರು ಹೆಸರಾದವರು.

ನಮ್ಮ ಮನೆಗಳಲ್ಲಿ ಆಗುವಂಥದ್ದು ಏನು? ಆಟ ಮುಗಿದ ಒಂದೆರಡು ಗಂಟೆಯೊಳಗೆ ಗಂಜಿಯೋ ಅನ್ನವೋ, ಜೊತೆಗೆ ಮೊಟ್ಟೆ, ಮೀನು ಅಥವಾ ಹೆಸರುಕಾಳು. ಜಮಖಂಡಿ ಕಡೆಯವರಿಗೆ ಜೋಳದ ರೊಟ್ಟಿ, ಕಾಳು ಪಲ್ಯ, ಮಹಾಲಿಂಗಪುರದ ಬೆಲ್ಲ ಇದೆ. ಆಟದಲ್ಲಿ ಒಂದು ಕಿಲೋ ತೂಕ ಇಳಿದಿದ್ದರೆ ಒಂದೂವರೆ ಲೀಟರಿನಷ್ಟು ನೀರು, ಉಪ್ಪು ಹಾಕಿದ ಮಜ್ಜಿಗೆ ನಿಧಾನಕ್ಕೆ ಕುಡಿಯಬೇಕು. ತಣ್ಣೀರಿನ ಸ್ನಾನ, ಮಾಲೀಶು ನೋವನ್ನು ತುಸು ಇಳಿಸುತ್ತವೆ. ಮರುದಿನ ಅರ್ಧ ಗಂಟೆ ನಡಿಗೆ ಒಳ್ಳೆಯದು. ಎಲ್ಲಕ್ಕಿಂತ ದೊಡ್ಡ ಮದ್ದು ರಾತ್ರಿಯ ನಿದ್ದೆ. ಮೊಬೈಲ್ ಹಿಡಿದು ಎರಡು ಗಂಟೆಗೆ ಮಲಗಿದರೆ ಯಾವ ಎಣ್ಣೆಯೂ ನಾಟುವುದಿಲ್ಲ.

ಇನ್ನು ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ನೋವನ್ನು ಮುಚ್ಚುತ್ತವೆ, ಗಾಯವನ್ನು ವಾಸಿ ಮಾಡುವುದಿಲ್ಲ. ಬೆವರಿ ನೀರು ಕಳೆದುಕೊಂಡ ಮೈಗೆ ಇವನ್ನು ಪದೇಪದೇ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. ನೋವು ಗೊತ್ತಾಗದೆ ಆಡಿದವನ ಸಣ್ಣ ಗಾಯ ದೊಡ್ಡದಾಗುತ್ತದೆ. ದಿನಗೂಲಿಯ ಹುಡುಗ ಮೂರು ತಿಂಗಳು ಮಲಗಿದರೆ ಮನೆ ನಡೆಸುವವರು ಯಾರು?

ಒಂದೇ ಕಾಲು ಊದಿದ್ದರೆ, ಗಂಟಿನಲ್ಲಿ ನೋವಿದ್ದರೆ, ಕಾಲೂರಲು ಆಗದಿದ್ದರೆ ಅದು ಮೈನೋವಲ್ಲ, ಡಾಕ್ಟರಿಗೆ ತೋರಿಸಿ. ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬೇಡಿ.

ರಂಝಾನ್ ತಿಂಗಳಲ್ಲಿ ಆಡುವವರು ಇಫ್ತಾರ್‌ನಿಂದ ಸಹರಿಯವರೆಗೆ ನೀರನ್ನು ಹಂಚಿಕೊಂಡು ಕುಡಿಯಲಿ, ಜೋರಿನ ಆಟ ಇಫ್ತಾರ್ ನಂತರ ಇರಲಿ. 2021ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿ-ಕ್ರಿಸ್ಟಲ್ ಪ್ಯಾಲೇಸ್ ಪಂದ್ಯವನ್ನೇ ಕೆಲ ಕ್ಷಣ ನಿಲ್ಲಿಸಿ ಉಪವಾಸಿಗ ಆಟಗಾರರಿಗೆ ನೀರು ಕೊಡಲಾಗಿತ್ತು.

ಟೂರ್ನಿ ನಡೆಸುವ ಸಂಘದವರಲ್ಲಿ ನಮ್ಮ ವಿನಂತಿ ಇಷ್ಟೇ: ಒಂದೇ ತಂಡಕ್ಕೆ ಒಂದೇ ರಾತ್ರಿ ಎರಡು-ಮೂರು ಪಂದ್ಯ ಇಡಬೇಡಿ. ಟ್ರೋಫಿಯ ಎತ್ತರ ಒಂದು ಅಡಿ ಕಡಿಮೆಯಾದರೂ ಸರಿ, ಆ ದುಡ್ಡಿನಲ್ಲಿ ಮೈದಾನದ ಬದಿಗೆ ಒಬ್ಬ ಫಿಸಿಯೋ ಇರಲಿ.